ಪೇಂಟ್ ಹೊಡೆಸೋ ಮುಂಚೆ ಒಂದ್ನಿಮಿಷ: ತಾತನ ರಾಲಿ ಸೈಕಲ್ ಎಷ್ಟನೇ ಇಸವಿಯದ್ದು?

ಇವತ್ತಿನ ಸಂಚಿಕೆಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಒಂದು ಹಳೇ ಸೈಕಲ್ ಇದೆ. ಅದರ ಇಸವಿ ಹುಡುಕೋಕೆ ಹೋಗಿ ನಮ್ಮ ಮನೆಯಲ್ಲಿ ಏನಾಯ್ತು ಅನ್ನೋದೇ ಇವತ್ತಿನ ಕಥೆ.

ಹಾಸನದ ನಮ್ಮ ಹಳೇ ಮನೆಯ ಕೊಟ್ಟಿಗೆಯಲ್ಲಿ ತಾತನ ರಾಲಿ ಸೈಕಲ್ ಇದೆ. ಯಾರೂ ಓಡಿಸಲ್ಲ. ಆಯುಧಪೂಜೆ ದಿನ ಮಾತ್ರ ಹೊರಗೆ ಬರುತ್ತೆ, ತೊಳೆಸ್ಕೊಳ್ಳುತ್ತೆ, ಕುಂಕುಮ ಹಚ್ಚಿಸ್ಕೊಂಡು ಮತ್ತೆ ಒಳಗೆ ಹೋಗುತ್ತೆ. ಕಳೆದ ಆಯುಧಪೂಜೆಗೆ ಹೋದಾಗ ದೊಡ್ಡಪ್ಪ ಒಂದು ಸುದ್ದಿ ಹೇಳಿದ್ರು. ಬೆಂಗಳೂರಿನ ಒಬ್ಬರು ಸೈಕಲ್ ಕೊಳ್ಳೋಕೆ ಬರ್ತಿದಾರೆ. "1938ರದ್ದು, ಬ್ರಿಟಿಷರ ಕಾಲದ್ದು" ಅಂತ ದೊಡ್ಡಪ್ಪ ಹೇಳಿದ್ದಕ್ಕೆ ಒಳ್ಳೇ ಬೆಲೆ ಮಾತಾಗಿದೆ. ಅದಕ್ಕೂ ಮುಂಚೆ ತುಕ್ಕೆಲ್ಲ ಉಜ್ಜಿಸಿ, ಕಪ್ಪು ಪೇಂಟ್ ಹೊಡೆಸಿ, ಹೊಳೆಯೋ ಹಾಗೆ ಮಾಡೋದು ಅವರ ಪ್ಲಾನ್. ಸೋಮವಾರ ಪೇಂಟ್ ಅಂಗಡಿಗೆ ಹೋಗಬೇಕಿತ್ತು.

"ದೊಡ್ಡಪ್ಪ, 1938 ಅಂತ ಯಾರು ಹೇಳಿದ್ದು?" ಅಂದೆ.

"ನಮ್ಮಪ್ಪನ ಸೈಕಲ್ ಕಣೋ. ಚಿಕ್ಕಂದಿನಿಂದ ಕೇಳ್ಕೊಂಡ್ ಬಂದಿದೀನಿ."

ಎರಡು ದಿನ ಟೈಮ್ ಕೊಡಿ ಅಂತ ಕೇಳ್ಕೊಂಡೆ. ನೀವೂ ಕೇಳಿಸಿಕೊಳ್ಳಿ, ಯಾಕಂದ್ರೆ ನಿಮ್ಮ ಮನೆ ಅಟ್ಟದ ಮೇಲೂ ಇಂಥದ್ದೊಂದು ಇರಬಹುದು.

ನೋಡಿದ ತಕ್ಷಣ ಹೇಳೋಕೆ ಆಗಲ್ಲ, ಯಾಕೆ?

ಹಳೇ ಕಾರು ನೋಡಿದ್ರೆ ಅಂದಾಜು ಯಾವ ಕಾಲದ್ದು ಅಂತ ಗೊತ್ತಾಗುತ್ತೆ. ಸೈಕಲ್‌ನಲ್ಲಿ ಆ ಅನುಕೂಲ ಇಲ್ಲ. ಅದಕ್ಕೆ ಕಾರಣ ಅದರ ಇತಿಹಾಸದಲ್ಲೇ ಇದೆ.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲ್ಲೇ ಇಲ್ಲದ, ಕಾಲಲ್ಲಿ ನೆಲ ಒದ್ದು ಓಡಿಸೋ ಎರಡು ಚಕ್ರದ ಬಂಡಿ ಮಾಡಿದ. ಆಮೇಲೆ ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ ಇರೋ ಎತ್ತರದ ಸೈಕಲ್ ಬಂತು. ಅದರಿಂದ ಬಿದ್ರೆ ಮೂತಿಗೇ ಪೆಟ್ಟು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಅನ್ನೋ ಸೈಕಲ್ ತಂದ. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನ್. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಇನ್ನು ಕೆಲವೇ ವರ್ಷಗಳಲ್ಲಿ ಸೈಕಲ್‌ನ ಆಕಾರ ಪಕ್ಕಾ ಆಗಿಹೋಯ್ತು.

ಆಮೇಲೆ? ಆಮೇಲೆ ಏನೂ ಬದಲಾಗಲಿಲ್ಲ! ಕಪ್ಪು ಬಣ್ಣ, 28 ಇಂಚಿನ ಚಕ್ರ, ಕಂಬಿ ಬ್ರೇಕು, ದೊಡ್ಡ ಮಡ್‌ಗಾರ್ಡ್. ಇಂಗ್ಲೆಂಡಿನ ಈ ಗಟ್ಟಿ ಸೈಕಲ್ಲನ್ನ ಇಡೀ ಪ್ರಪಂಚ ನಕಲು ಮಾಡ್ತು. 1950ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಶುರುವಾದ 'ಫ್ಲೈಯಿಂಗ್ ಪಿಜನ್' ಸೈಕಲ್ ಕೂಡ ಇದೇ ಅಚ್ಚಿನದ್ದು. ಇವತ್ತು ಹಾಲಿನ ಕ್ಯಾನ್ ಕಟ್ಕೊಂಡು ಹೋಗೋರ ಸೈಕಲ್ಲೂ ಇದೇ ವಂಶ. ಅಂದ್ರೆ ದೂರದಿಂದ ನೋಡಿದ್ರೆ 1930ರದ್ದೂ ಒಂದೇ, 1970ರದ್ದೂ ಒಂದೇ. ಹತ್ತಿರ ಹೋಗಬೇಕು, ಬಗ್ಗಬೇಕು, ಸಣ್ಣ ಸಣ್ಣ ಭಾಗ ಓದಬೇಕು.

ಹೆಸರಿನ ಬಿಲ್ಲೆ: ಮೊದಲ ಸುಳಿವು, ಕೊನೇ ಸಾಕ್ಷಿ ಅಲ್ಲ

ಹ್ಯಾಂಡಲ್ ಕೆಳಗೆ ಮುಂದುಗಡೆ ಒಂದು ಲೋಹದ ಬಿಲ್ಲೆ ಇರುತ್ತಲ್ಲ, ಅಲ್ಲಿಂದ ಶುರು ಮಾಡೋಣ. ನಮ್ಮ ಸೈಕಲ್ ಮೇಲೆ ಕೊಕ್ಕರೆ ತಲೆ, ರಾಲಿ ಅನ್ನೋ ಹೆಸರು, ಕೆಳಗೆ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಅಂತ ಇದೆ.

ನಾಟಿಂಗ್‌ಹ್ಯಾಮ್ ಊರಿನ ರಾಲಿ ಬೀದಿಯಲ್ಲಿ ಒಂದು ಪುಟ್ಟ ಸೈಕಲ್ ವರ್ಕ್‌ಶಾಪ್ ಇತ್ತು. ಫ್ರಾಂಕ್ ಬೌಡನ್ ಅನ್ನೋ ಶ್ರೀಮಂತನಿಗೆ ಆರೋಗ್ಯ ಕೆಟ್ಟಾಗ ಡಾಕ್ಟರು ಸೈಕಲ್ ಹೊಡಿ ಅಂದ್ರಂತೆ. ಆತನಿಗೆ ಸೈಕಲ್ ಎಷ್ಟು ಹಿಡಿಸ್ತು ಅಂದ್ರೆ 1887ರಲ್ಲಿ ಆ ವರ್ಕ್‌ಶಾಪಿಗೇ ದುಡ್ಡು ಹಾಕಿದ. ಅದೇ ಬೆಳೆದು ರಾಲಿ ಕಂಪನಿ ಆಯ್ತು. ಬಿಲ್ಲೆ ಮೇಲಿನ ಕೊಕ್ಕರೆ ಬೌಡನ್ ಮನೆತನದ ಗುರುತು.

ಬೇರೆ ಸೈಕಲ್‌ಗಳ ಗುರುತೂ ತಿಳ್ಕೊಂಡಿರಿ. ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕು ಕಂಡ್ರೆ ಅದು ಬಿಎಸ್‌ಎ. ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಂಪನಿ ಅದು. ಪೆಡಲ್ ಪಕ್ಕದ ಹಲ್ಲಿನ ಚಕ್ರದಲ್ಲಿ ಮನುಷ್ಯನ ಅಂಗೈ ಕತ್ತರಿಸಿದ ಹಾಗಿದ್ರೆ ರಡ್ಜ್. ಮುಂದಿನ ಫೋರ್ಕು ಒಂದೊಂದು ಕಡೆ ಎರಡೆರಡು ತೆಳು ಕೊಳವೆ ಇದ್ರೆ ಹಂಬರ್.

ಈ ಕಂಪನಿಗಳು ಒಂದನ್ನೊಂದು ಕೊಂಡುಕೊಂಡ ವರ್ಷಗಳೂ ನಮಗೆ ಉಪಯೋಗ. ರಾಲಿ 1932ರಲ್ಲಿ ಹಂಬರ್ ಸೈಕಲ್ ಹೆಸರನ್ನ ಕೊಂಡಿತು, 1943ರಲ್ಲಿ ರಡ್ಜ್, 1957ರಲ್ಲಿ ಬಿಎಸ್‌ಎ ಸೈಕಲ್. 1960ರಲ್ಲಿ ರಾಲಿಯೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಗುಂಪಿಗೆ ಸೇರಿತು. ಹರ್ಕ್ಯುಲಿಸ್, ಫಿಲಿಪ್ಸ್ ಮೊದಲೇ ಆ ಗುಂಪಿನಲ್ಲಿದ್ವು. ಹಾಗಾಗಿ ಹೆಸರು ರಡ್ಜ್, ಒಳಗಿನ ಮೂಲ ಭಾಗಗಳೆಲ್ಲ ರಾಲಿ ಕಾರ್ಖಾನೆಯವು ಅಂತಾದ್ರೆ, ಅದು 1943ರ ನಂತರದ ಸೈಕಲ್.

ಇಲ್ಲಿ ನಮ್ಮ ದೇಶದ ಇತಿಹಾಸ ಕೂಡ ಬರುತ್ತೆ. ಇಂಗ್ಲಿಷ್ ಹೆಸರಿದ್ದ ಮಾತ್ರಕ್ಕೆ ಇಂಗ್ಲೆಂಡಿನ ಸೈಕಲ್ ಅಲ್ಲ. ಸ್ವಾತಂತ್ರ್ಯದ ನಂತರ ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್-ರಾಲಿ ಕಾರ್ಖಾನೆ ಬಂತು. ರಾಲಿಯ ಜೊತೆ ಒಪ್ಪಂದ ಮಾಡಿಕೊಂಡು, 1950ರ ದಶಕದ ಆರಂಭದಿಂದ ರಾಲಿ ಸೈಕಲ್‌ಗಳನ್ನ ಇಲ್ಲೇ ತಯಾರಿಸಿತು. ಮದ್ರಾಸಿನ ಅಂಬತ್ತೂರಿನಲ್ಲಿ ಮುರುಗಪ್ಪ ಮನೆತನದವರು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ 1949ರಲ್ಲಿ ಟಿಐ ಸೈಕಲ್ಸ್ ಶುರು ಮಾಡಿದ್ರು. ನಮ್ಮ ಕಡೆ ಬೀದಿಬೀದಿಯಲ್ಲಿ ಓಡಾಡಿದ ಹರ್ಕ್ಯುಲಿಸ್‌ಗಳಲ್ಲಿ ಬಹುಪಾಲು ಅಲ್ಲಿಂದ ಬಂದವು. 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. 1957ರ ಹೊತ್ತಿಗೆ ದೇಶಕ್ಕೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದು ಇನ್ನೂ ಬಿಗಿಯಾಯ್ತು.

ಹಾಗಾಗಿ ಮೊದಲು ಬಿಲ್ಲೆ ಮೇಲಿನ ಊರಿನ ಹೆಸರು ಓದಿ. ಆದರೆ ಅದನ್ನೇ ಪೂರ್ತಿ ನಂಬಬೇಡಿ. ಬಿಲ್ಲೆ ಕೂತಿರೋದು ಎರಡು ಪುಟ್ಟ ಸ್ಕ್ರೂ ಅಥವಾ ರಿವೆಟ್ ಮೇಲೆ. ತೆಗೆಯೋಕೆ ಐದು ನಿಮಿಷ, ಬೇರೇದು ಹಾಕೋಕೆ ಇನ್ನೈದು ನಿಮಿಷ.

ಮತ್ತೆ ಫ್ರೇಮ್ ನಂಬರ್? ಸೀಟಿನ ಕೆಳಗೋ ಪೆಡಲ್ ಗುಂಡಿನ ಕೆಳಗೋ ಒತ್ತಿರೋ ನಂಬರ್ ಬರೆದಿಟ್ಕೊಳ್ಳಿ. ಆದರೆ ಅದು ಕಾರ್ಖಾನೆಯ ಲೆಕ್ಕ. ಕಾರ್ಖಾನೆಯ ರಿಜಿಸ್ಟರ್ ಇಲ್ಲದಿದ್ರೆ ಅದು ಬರೀ ಅಂಕಿ.

ಹಬ್ ಮೇಲಿನ ನಾಲ್ಕು ಗುರುತು

ನಮ್ಮ ಸೈಕಲ್‌ಗೆ ಒಂದು ಅದೃಷ್ಟ ಇತ್ತು. ಅದು ಮೂರು ಗೇರಿನ ಸೈಕಲ್. ಗೇರೆಲ್ಲ ಹಿಂದಿನ ಚಕ್ರದ ಹಬ್ ಒಳಗೇ ಇರೋ ಥರದ್ದು. ಈ ಹಬ್ ಮಾಡ್ತಿದ್ದದ್ದು ಸ್ಟರ್ಮಿ-ಆರ್ಚರ್. 1902ರಲ್ಲಿ ರಾಲಿಯ ಅದೇ ಬೌಡನ್ ದುಡ್ಡು ಹಾಕಿ ಬೆಳೆಸಿದ ಉದ್ಯಮ. ಇವರ ಒಂದು ಒಳ್ಳೇ ಅಭ್ಯಾಸ ಏನಂದ್ರೆ, ಹಬ್ ಮೇಲೆ ತಯಾರಾದ ಕಾಲವನ್ನ ಒತ್ತಿಬಿಡ್ತಿದ್ರು.

ಹತ್ತಿ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕ್ಕೊಂಡು ಹಬ್ ಒರೆಸಿದೆ. ದಶಕಗಳ ಜಿಡ್ಡು. ಹತ್ತು ನಿಮಿಷ ಆದ ಮೇಲೆ ಅಕ್ಷರ ಕಂಡವು. ಕಂಪನಿ ಹೆಸರು, ಎಡಬ್ಲ್ಯೂ ಅಂತ ಎರಡು ಅಕ್ಷರ, ಪಕ್ಕದಲ್ಲಿ 52, ಅದರ ಪಕ್ಕ 3.

ಎಡಬ್ಲ್ಯೂ ಅನ್ನೋದು ಹಬ್‌ನ ಮಾದರಿ. ಅದು ಬಂದಿದ್ದೇ 1936ರಲ್ಲಿ. ಯಾರಾದ್ರೂ ಎಡಬ್ಲ್ಯೂ ಹಬ್ ಇರೋ ಸೈಕಲ್ ತೋರಿಸಿ, ಇದೆಲ್ಲ ಮೂಲ ಭಾಗಗಳೇ, 1925ರದ್ದು ಅಂದ್ರೆ ನಂಬಬೇಡಿ. 1930ರ ದಶಕದ ಕೊನೆಯ ಹಬ್‌ಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರ್ತಿತ್ತು, 8 ಅಂದ್ರೆ 1938. ಆಮೇಲೆ ಎರಡು ಅಂಕಿ ಬಂತು. 52 ಅಂದ್ರೆ 1952. ಪಕ್ಕದ 3 ಅಂದ್ರೆ ಮೂರನೇ ತಿಂಗಳು, ಮಾರ್ಚ್.

ದೊಡ್ಡಪ್ಪನ ಮುಖ ಸಪ್ಪಗಾಯ್ತು. ಆದರೂ ಅವರು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು. "ಚಕ್ರ ಆಮೇಲೆ ಹಾಕ್ಸಿರಬಹುದಲ್ಲಾ? ಸೈಕಲ್ 1938ರದ್ದೇ, ಚಕ್ರ ಮಾತ್ರ 1952ರದ್ದು?"

ಹೌದು, ಆಗಬಹುದು. ಸೈಕಲ್ ಅಂದ್ರೆ ರಿಪೇರಿ ಆಗ್ತಾ ಬದುಕೋ ವಸ್ತು. ಟೈರ್ ಹೋಗುತ್ತೆ, ಪೆಡಲ್ ಹೋಗುತ್ತೆ, ಸೀಟು ಹರಿಯುತ್ತೆ, ಒಂದೊಂದೂ ಬೇರೆ ಬೇರೆ ವರ್ಷದಲ್ಲಿ ಬದಲಾಗುತ್ತೆ. ಹಬ್ ಹೇಳೋದು ಹಬ್‌ನ ವಯಸ್ಸು ಮಾತ್ರ. ಸೈಕಲ್‌ನ ವಯಸ್ಸು ಬೇಕಂದ್ರೆ ಒಂದಕ್ಕಿಂತ ಹೆಚ್ಚು ಭಾಗ ಒಂದೇ ಮಾತು ಹೇಳಬೇಕು. ಪೊಲೀಸ್ ಕೇಸಲ್ಲಿ ಸಾಕ್ಷಿಗಳನ್ನ ಬೇರೆ ಬೇರೆ ಕೂರಿಸಿ ಕೇಳ್ತಾರಲ್ಲ, ಹಾಗೆ.

ಉಳಿದ ಸಾಕ್ಷಿಗಳು

ಮೊದಲು ಹೊಳಪು. 1920ರ ದಶಕದ ಕೊನೆವರೆಗೂ ಹ್ಯಾಂಡಲ್, ರಿಮ್‌ಗೆ ನಿಕ್ಕಲ್ ಲೇಪನ. ಅದರ ಹೊಳಪಲ್ಲಿ ಸ್ವಲ್ಪ ಹಳದಿ ಛಾಯೆ. ಆಮೇಲೆ ಕ್ರೋಮಿಯಂ ಬಂತು, ಅದು ನೀಲಿ ಮಿಶ್ರಿತ ಬಿಳಿ ಹೊಳಪು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕ್ರೋಮಿಯಂಗೆ ಅಭಾವ. ಬ್ರಿಟಿಷ್ ಕಾರ್ಖಾನೆಗಳು ಹ್ಯಾಂಡಲ್‌ಗೂ ರಿಮ್‌ಗೂ ಕಪ್ಪು ಬಣ್ಣ ಬಳಿದು ಕಳಿಸಿದ್ವು. ನಮ್ಮದು ಕ್ರೋಮಿಯಂ.

ಎರಡನೇದು ಕಡ್ಡಿ ಎಣಿಸಿದೆ. ಮುಂದೆ 32, ಹಿಂದೆ 40. ಇದು ಬ್ರಿಟಿಷ್ ಲೆಕ್ಕ. ಬೇರೆ ಅನೇಕ ದೇಶಗಳಲ್ಲಿ ಎರಡಕ್ಕೂ 36. ಆದರೆ ಭಾರತದ ಕಾರ್ಖಾನೆಗಳೂ ಬ್ರಿಟಿಷ್ ಲೆಕ್ಕವನ್ನೇ ಹಿಡಿದ್ರು, ಅದಕ್ಕೇ ಇದರಿಂದ ವಂಶ ಗೊತ್ತಾಗುತ್ತೆ, ಇಸವಿ ಗೊತ್ತಾಗಲ್ಲ. ರಿಮ್ ಎರಡೂ ಒಂದೇ ಜೋಡಿ, ಒಂದೇ ಥರ ಸವೆದಿವೆ. ಹಿಂದಿನ ಚಕ್ರ ಒಂಟಿಯಾಗಿ ಆಮೇಲೆ ಬಂದಿದ್ದಲ್ಲ ಅನ್ನೋದಕ್ಕೆ ಇದೊಂದು ಸುಳಿವು.

ಮೂರನೇದೇ ಗಟ್ಟಿ ಸಾಕ್ಷಿ. ಗೇರ್ ತಂತಿ ಹೋಗೋಕೆ ಫ್ರೇಮ್‌ಗೆ ಒಂದು ಸಣ್ಣ ಕ್ಲಿಪ್ ಬಿಗಿದಿರ್ತಾರೆ. ಅದನ್ನ ಸಡಿಲ ಮಾಡಿ ಸರಿಸಿದೆ. ಕೆಳಗಿನ ಪೇಂಟ್ ನಿನ್ನೆ ಹೊಡೆದ ಹಾಗೆ ಮಿರಮಿರ ಅಂತಿದೆ! ಚಿನ್ನದ ಬಣ್ಣದ ಗೆರೆ ಕೂಡ ಹಾಗೇ ಇದೆ. ಸುತ್ತಲಿನ ಪೇಂಟೆಲ್ಲ ಮಾಸಿ, ಗೀರು ಬಿದ್ದಿದೆ. ಅಂದ್ರೆ ಆ ಜಾಗ ಬಿಸಿಲನ್ನೇ ಕಂಡಿಲ್ಲ. ಸೈಕಲ್ ಹೊಸದಾಗಿದ್ದಾಗಿಂದಲೂ ಆ ಕ್ಲಿಪ್ ಅಲ್ಲೇ ಇತ್ತು. ಈ ಫ್ರೇಮ್ ಮೊದಲಿನಿಂದಲೂ ಗೇರ್ ಸೈಕಲ್ಲೇ ಆಗಿತ್ತು.

ಈಗ ನಾಲ್ಕನೇದು. ಹಳೇ ಸ್ಟರ್ಮಿ-ಆರ್ಚರ್ ಗೇರುಗಳ ಲಿವರ್ ಮೇಲಿನ ಬಾರ್ ಮೇಲೆ ಕೂತಿರ್ತಿತ್ತು. ಹ್ಯಾಂಡಲ್ ಮೇಲೆ ಬೆರಳಲ್ಲಿ ಒತ್ತೋ ಪುಟ್ಟ ಲಿವರ್ ಬಂದಿದ್ದು 1930ರ ದಶಕದ ಕೊನೆಯಲ್ಲಿ, ಯುದ್ಧದ ನಂತರ ಅದೇ ಮಾಮೂಲಿ ಆಯ್ತು. ನಮ್ಮದು ಹ್ಯಾಂಡಲ್ ಮೇಲಿನದ್ದು. ಬಾರ್ ಮೇಲೆ ಹಳೇ ಲಿವರ್ ಬಿಗಿದ ಕಲೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. ಇಲ್ಲ.

ಐದನೇದು ಹಿತ್ತಾಳೆ ಬಿಲ್ಲೆ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ, ಒಂದು ಕಾಲದಲ್ಲಿ ಸೈಕಲ್‌ಗೂ ಲೈಸೆನ್ಸ್ ಇತ್ತು. ಪುರಸಭೆಗೆ ತೆರಿಗೆ ಕಟ್ಟಿದ್ರೆ ಲೋಹದ ಬಿಲ್ಲೆ ಕೊಡ್ತಿದ್ರು, ಅದನ್ನ ಸೈಕಲ್‌ಗೆ ಸಿಕ್ಕಿಸ್ಕೋಬೇಕು. ಇಲ್ಲದಿದ್ರೆ ಹಿಡಿದು ದಂಡ. ರಾತ್ರಿ ದೀಪ ಇಲ್ಲದೆ ಹೋದ್ರೂ ದಂಡ, ಡಬಲ್ ಹೋದ್ರೂ ದಂಡ. ತಾತನ ಕಬ್ಬಿಣದ ಪೆಟ್ಟಿಗೆಯಲ್ಲಿ ಅಂಥ ಬಿಲ್ಲೆಗಳ ಒಂದು ಸರವೇ ಸಿಕ್ತು. ಅತಿ ಹಳೇದರ ಮೇಲೆ 1953 ಅಂತ ಇತ್ತು. ಅದಕ್ಕಿಂತ ಹಿಂದಿನದು ಒಂದೂ ಇಲ್ಲ.

ಮಾರ್ಚ್ 1952ರಲ್ಲಿ ಹಬ್ ತಯಾರಾಗಿ, ಸೈಕಲ್ ಜೋಡಣೆಯಾಗಿ, ಹಡಗಲ್ಲಿ ಬಂದು, ಅಂಗಡಿ ಸೇರಿ, ಮಾರಾಟ ಆಗೋಕೆ ಕೆಲವು ತಿಂಗಳಾದ್ರೂ ಬೇಕು. 1953ರ ಲೈಸೆನ್ಸ್ ಬಿಲ್ಲೆ ಅದಕ್ಕೆ ಸರಿಯಾಗಿ ಹೊಂದುತ್ತೆ. ಬ್ರಿಟಿಷರು ದೇಶ ಬಿಟ್ಟು ಐದು ವರ್ಷ ಆದ ಮೇಲಿನ ಸೈಕಲ್ ಇದು.

ನಿಮ್ಮ ಮನೆಯ ಕಾಗದಪತ್ರದಲ್ಲೂ ಹೀಗೇ ಸುಳಿವು ಹುಡುಕಿ. ಬಿಲ್ಲಿನಲ್ಲಿ ಆಣೆ-ಪೈ ಲೆಕ್ಕ ಇದ್ರೆ ಅದು ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು, ಆ ತಿಂಗಳು ಹೊಸ ಪೈಸೆ ಬಂತು. ಕಾಗದದಲ್ಲಿ 'ಮೈಸೂರು ರಾಜ್ಯ' ಅಂತಿದ್ರೆ 1973ರ ನವೆಂಬರ್‌ಗೆ ಮೊದಲು. ಹುಬ್ಬಳ್ಳಿಯ ಕಾಗದದಲ್ಲಿ ಬೊಂಬಾಯಿ, ಮಂಗಳೂರಿನದರಲ್ಲಿ ಮದ್ರಾಸು, ಕಲಬುರಗಿಯದರಲ್ಲಿ ಹೈದರಾಬಾದು ಸರ್ಕಾರದ ಹೆಸರಿದ್ರೆ 1956ರ ನವೆಂಬರ್‌ಗೆ ಮೊದಲು. ಯಾವುದಾದ್ರೂ ಭಾಗದ ಮೇಲೆ ಐಎಸ್‌ಐ ಮುದ್ರೆ ಇದ್ರೆ ಆ ಭಾಗ 1950ರ ದಶಕದ ಮಧ್ಯಭಾಗಕ್ಕಿಂತ ಹಳೇದಲ್ಲ.

ಹಾಗಾದ್ರೆ 1938 ಎಲ್ಲಿಂದ ಬಂತು?

ದೊಡ್ಡಪ್ಪ ಸುಮ್ನೆ ಕೂತಿದ್ರು. "ನಮ್ಮಪ್ಪ ಸುಳ್ಳು ಹೇಳೋರಲ್ಲ" ಅಂದ್ರು, ಅಷ್ಟೇ. ನನಗೂ ಪಿಚ್ಚೆನಿಸ್ತು. ಸೈಕಲ್ ಕಥೆ ಹುಡುಕೋಕೆ ಹೋಗಿ ತಾತನ ಮಾತನ್ನೇ ಸುಳ್ಳು ಮಾಡಿದ್ನಾ ಅಂತ.

ಅಜ್ಜಿಗೆ ಈಗ ತೊಂಬತ್ತು ದಾಟಿದೆ. ಜಗಲಿ ಮೇಲೆ ಕೂತು ನಮ್ಮ ರಾದ್ಧಾಂತ ನೋಡ್ತಾನೇ ಇದ್ರು. ಅವರನ್ನ ಯಾರೂ ಕೇಳಿರಲಿಲ್ಲ. ನಾನೂ ಅಷ್ಟೊತ್ತು ಕೇಳಿರಲಿಲ್ಲ. ಪಕ್ಕ ಕೂತು, "ಅಜ್ಜಿ, ಈ ಸೈಕಲ್ ತಂದಿದ್ದು ಯಾವಾಗ ನೆನಪಿದ್ಯಾ?" ಅಂದೆ.

"ನೆನಪಿಲ್ದೆ ಏನು? ನನ್ನ ಬಳೆ ಅಡ ಇಟ್ಟು ತಂದಿದ್ದಲ್ವಾ ಅದು" ಅಂದ್ರು.

ಆಮೇಲೆ ನಿಧಾನಕ್ಕೆ ಹೇಳಿದ್ರು. 1938ರ ಸೈಕಲ್ ಇದ್ದಿದ್ದು ನಿಜ. ಅದು ತಾತನ ಅಣ್ಣನದು. ತಾತ ಓಡಿಸೋದು ಕಲಿತದ್ದು ಅದರಲ್ಲೇ, ಬಾರ್ ಕೆಳಗೆ ಕಾಲು ತೂರಿಸ್ಕೊಂಡು. ಮನೆ ಪಾಲಾದಾಗ ಅದು ಅಣ್ಣನ ಜೊತೆ ಹೋಯ್ತು. ತಾತನಿಗೆ ಮೇಷ್ಟ್ರ ಕೆಲಸ ಸಿಕ್ಕಿದ್ದು ಏಳು ಮೈಲಿ ಆಚೆಯ ಊರಲ್ಲಿ. ಬಸ್ಸಿಲ್ಲ, ದಾರಿಯುದ್ದಕ್ಕೂ ಏರು. ಅಜ್ಜಿ ಮದುವೆಯಾಗಿ ಬಂದು ಎರಡು ವರ್ಷ ಆಗಿತ್ತು. ದಿನಾ ನಡೆದು ಹೋಗಿ ಬರೋದನ್ನ ನೋಡೋಕಾಗದೆ ತವರಿನ ಎರಡು ಬಳೆ ಬಿಚ್ಚಿ ಕೊಟ್ರಂತೆ. ಗೇರಿರೋ ಸೈಕಲ್ಲೇ ಬೇಕು, ಏರಲ್ಲಿ ಕಷ್ಟ ಆಗಲ್ಲ ಅಂತ ಅಂಗಡಿಯವನು ಹೇಳಿದ್ದೂ ಅವರಿಗೆ ನೆನಪಿದೆ.

"ಬಳೆ ಬಿಡಿಸ್ಕೊಂಡ್ರಾ ಅಜ್ಜಿ?"

"ಒಂದು ಬಿಡಿಸಿದ್ರು. ಇನ್ನೊಂದು ಹೋಯ್ತು."

ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಈ ಮಾತು ಅವರೂ ಮೊದಲ ಸಲ ಕೇಳಿದ್ದು.

ಯೋಚನೆ ಮಾಡಿ. ಎರಡು ಸೈಕಲ್‌ಗಳ ಕಥೆ ಮನೆಯವರ ಬಾಯಲ್ಲಿ ಕಾಲಕ್ರಮೇಣ ಒಂದೇ ಆಗಿತ್ತು. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ಆದರೆ 1938 ಅನ್ನೋ ದೊಡ್ಡ ಇಸವಿ ಅಂಟಿಕೊಂಡ ಕ್ಷಣದಿಂದ ಈ ಸೈಕಲ್ ತಾತನ ಮನೆತನದ ಆಸ್ತಿ ಆಯ್ತು, ಅಜ್ಜಿಯ ಬಳೆ ಕಥೆಯಿಂದ ಹೊರಗೆ ಬಿತ್ತು. 1938ರಲ್ಲಿ ಅಜ್ಜಿ ಈ ಮನೆಗೆ ಬಂದೇ ಇರಲಿಲ್ಲವಲ್ಲ! ಇಸವಿ ಸರಿ ಮಾಡಿದ ಮೇಲಷ್ಟೇ ಅವರಿಗೆ ಆ ಕಥೆಯಲ್ಲಿ ಜಾಗ ಸಿಕ್ತು. ಇತಿಹಾಸದಲ್ಲಿ ತಾರೀಖು ಯಾಕೆ ಮುಖ್ಯ ಅಂತ ಯಾರಾದ್ರೂ ಕೇಳಿದ್ರೆ ನಾನು ಇನ್ಮೇಲೆ ಇದನ್ನೇ ಹೇಳ್ತೀನಿ.

ಸೋಮವಾರ ಸೈಕಲ್ ಪೇಂಟ್ ಅಂಗಡಿಗೆ ಹೋಗಲಿಲ್ಲ. ಒಂದು ವಾರ ಮುಂಚೆ ಹೋಗಿದ್ದಿದ್ರೆ? ಕ್ಲಿಪ್ ಕೆಳಗಿನ ಆ ಪುಟ್ಟ ಕಪ್ಪು ಜಾಗ, ಚಿನ್ನದ ಗೆರೆ, ಎಲ್ಲ ಮರಳಿನ ಹೊಡೆತಕ್ಕೆ ಹೋಗ್ತಿತ್ತು. ಸೈಕಲ್ ಹೊಳೀತಿತ್ತು, ಬಾಯಿ ಮಾತ್ರ ಬರ್ತಿರಲಿಲ್ಲ. ದೊಡ್ಡಪ್ಪ ಕೊಳ್ಳೋರಿಗೆ ಫೋನ್ ಮಾಡಿ, "1952ರದ್ದು, ನಾನು ತಪ್ಪು ಹೇಳಿದ್ದೆ" ಅಂದ್ರು. ಅವರು ಬೆಲೆ ಇಳಿಸಿದ್ರು. ದೊಡ್ಡಪ್ಪ ಕೊಡಲ್ಲ ಅಂದ್ರು.

ಕೊನೆಗೆ ನಿಮಗೊಂದು ಕೆಲಸ. ಮನೆಯಲ್ಲಿ ಹಳೇ ಸೈಕಲ್ ಇದ್ರೆ ತೊಳೆಯೋ ಮುಂಚೆ ಫೋಟೋ ತೆಗೀರಿ: ಮುಂದಿನ ಬಿಲ್ಲೆ, ಪೆಡಲ್ ಪಕ್ಕದ ಹಲ್ಲಿನ ಚಕ್ರ, ಎರಡೂ ಹಬ್, ಸೀಟಿನ ಕೆಳಭಾಗ, ಫ್ರೇಮ್ ನಂಬರ್, ಅಂಗಡಿಯ ಸ್ಟಿಕ್ಕರ್. ಹಬ್ ಒರೆಸೋಕೆ ಮೆತ್ತನೆ ಬಟ್ಟೆ, ಸೀಮೆಎಣ್ಣೆ ಸಾಕು. ಉಪ್ಪುಕಾಗದ ಬೇಡವೇ ಬೇಡ. ಯಾವ ಭಾಗ ಯಾವ ವರ್ಷ ಹೇಳುತ್ತೆ ಅಂತ ಒಂದು ಹಾಳೆಯಲ್ಲಿ ಬರೀರಿ. ಎರಡು ಮೂರು ಭಾಗ ಒಂದೇ ಮಾತು ಹೇಳೋವರೆಗೂ ತೀರ್ಮಾನ ಮಾಡಬೇಡಿ.

ಆ ಹಾಳೆ ಹಿಡ್ಕೊಂಡು ಮನೆಯ ಅತಿ ಹಿರಿಯರ ಹತ್ತಿರ ಹೋಗಿ ಕೂರಿ. "ಇದು ಎಷ್ಟನೇ ಇಸವಿಯದ್ದು?" ಅಂತ ಕೇಳಬೇಡಿ. "ಇದನ್ನ ತಂದ ದಿನ ಏನಾಯ್ತು?" ಅಂತ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳೋದು ಮರೀಬೇಡಿ.